ಫಾಲ್ಸ್ ಸೀಲಿಂಗಿನಲ್ಲಿ ಹಾಕಿದ ತೇಪೆ ಕಾಣದಂತೆ ಮಾಡುವುದು

ಬೆಳಗಾವಿಯ ಮಳೆಗೆ ಸ್ಲ್ಯಾಬ್ ಸೋರಿದರೆ ಕೆಳಗಿನ ಜಿಪ್ಸಮ್ ಸೀಲಿಂಗ್ ಹಳದಿ ಕಲೆ ಬಿದ್ದು ಉಬ್ಬುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಸ್ಲ್ಯಾಬ್ ಪೂರ್ತಿ ಒಣಗಲಿ. ಅವಸರ ಮಾಡಿದರೆ ಅದೇ ಕಲೆ ಮತ್ತೆ ಮೂಡುತ್ತದೆ.

ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾದ ಬೋರ್ಡನ್ನು ಉಳಿಸಿಕೊಳ್ಳಲು ಹೋಗಬೇಡಿ, ಗಟ್ಟಿ ಜಾಗ ಸಿಗುವವರೆಗೆ ಚೌಕವಾಗಿ ಕತ್ತರಿಸಿ ತೆಗೆಯಿರಿ. ಮೇಲೆ ವೈರಿಂಗ್ ಇರುತ್ತದೆ, ಮೇನ್ ಸ್ವಿಚ್ ಆರಿಸದೆ ಗರಗಸ ಹಾಕಬೇಡಿ. ತೂತಿನ ಎರಡೂ ಬದಿಗೆ ಒಳಗಿನಿಂದ 2 ಇಂಚು ಅಗಲದ, 12 ಎಂಎಂ ಪ್ಲೈವುಡ್ ಪಟ್ಟಿ ಇಟ್ಟು 25 ಎಂಎಂ ಡ್ರೈವಾಲ್ ಸ್ಕ್ರೂ ಬಿಗಿಯಿರಿ. ಹೊಸ ತುಂಡು ಹಳೆಯ ಬೋರ್ಡಿನಷ್ಟೇ ದಪ್ಪವಿರಬೇಕು, ಸಾಮಾನ್ಯವಾಗಿ 12.5 ಎಂಎಂ. ಸುತ್ತ 2–3 ಎಂಎಂ ಸಂದು ಬಿಟ್ಟು, ಆ ಪಟ್ಟಿಗಳಿಗೆ ಸ್ಕ್ರೂ ಹಾಕಿ ಕೂಡಿಸಿ. ಸ್ಕ್ರೂ ತಲೆ ಕೂದಲೆಳೆಯಷ್ಟು ಒಳಗಿರಲಿ. ಬೋರ್ಡಿನ ಮೇಲಿನ ಕಾಗದ ಹರಿದರೆ ಅಲ್ಲಿ ಹಿಡಿತ ಹೋಯಿತು, ಪಕ್ಕದಲ್ಲಿ ಇನ್ನೊಂದು ಸ್ಕ್ರೂ ಹಾಕಿ.

ಕೆಲಸ ಕೆಡುವುದು ಸಂದಿನಲ್ಲಿ. ಬಹಳ ಕಡೆ ಇಲ್ಲಿ ವೈಟ್ ಸಿಮೆಂಟ್ ಪುಟ್ಟಿಯನ್ನೇ ತುಂಬಿ ಬಿಡುತ್ತಾರೆ. ಅದು ಗಡುಸು, ಬೋರ್ಡ್ ಸ್ವಲ್ಪ ಅಲುಗಿದರೂ ಸೀಳುತ್ತದೆ. ಅದರ ಬದಲು ಜಾಯಿಂಟಿಂಗ್ ಕಂಪೌಂಡ್ (ಜಿಪ್ಸಮ್ ಬೋರ್ಡಿನ ಸಂದು ತುಂಬುವ ಪೇಸ್ಟ್) ಮತ್ತು ಸಂದಿನ ಮೇಲೆ ಅಂಟಿಸುವ ಪೇಪರ್ ಟೇಪ್ ತನ್ನಿ. ಅಂಚುಗಳನ್ನು ಕಟರ್‌ನಿಂದ ಓರೆಯಾಗಿ ಕೆತ್ತಿ, ಸಂದು ತುಂಬಿ ಒಣಗಲು ಬಿಡಿ. ಆಮೇಲೆ ತೆಳ್ಳಗೆ ಕಂಪೌಂಡ್ ಬಳಿದು, ಹಸಿ ಇರುವಾಗಲೇ ಟೇಪ್ ಕೂಡಿಸಿ 4 ಇಂಚಿನ ಪುಟ್ಟಿ ಬ್ಲೇಡಿನಿಂದ ನಡುವಿನಿಂದ ಹೊರಕ್ಕೆ ಒತ್ತಿ ಎಳೆಯಿರಿ. ಅಡಿಯಲ್ಲಿ ಕಂಪೌಂಡ್ ಇಲ್ಲದ ಜಾಗದಲ್ಲಿ ಟೇಪ್ ಗುಳ್ಳೆ ಏಳುತ್ತದೆ. ಅದನ್ನು ಕೊಯ್ದು ತೆಗೆದು ಮತ್ತೆ ಹಾಕಬೇಕು, ಮೇಲೆ ಬಳಿದು ಮುಚ್ಚಿದರೆ ನಿಲ್ಲುವುದಿಲ್ಲ.

ಟೇಪ್ ಮೇಲಿನ ಉಬ್ಬು ಇದ್ದೇ ಇರುತ್ತದೆ. ಅದನ್ನು ಉಜ್ಜಿ ತೆಗೆಯಲಾಗದು, ಹರಡಿ ಅಡಗಿಸಬೇಕು. ಎರಡನೇ ಕೋಟು ಸಂದಿನ ಎರಡೂ ಬದಿಗೆ 4–5 ಇಂಚು, ಮೂರನೆಯದು 7–8 ಇಂಚು ಚಾಚಲಿ, ಅಂಚು ಸೊನ್ನೆಗೆ ಇಳಿಯಲಿ. ದಪ್ಪಗೆ ಒಂದೇ ಸಲ ಬಳಿದರೆ ಕುಗ್ಗಿ ಬಿರಿಯುತ್ತದೆ. ಮಳೆಗಾಲದ ತಂಪಿನಲ್ಲಿ ಕೋಟು ಒಣಗಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಬೂದು ಬಣ್ಣ ಹೋಗಿ ಇಡೀ ಬೆಳ್ಳಗಾಗುವ ತನಕ ಕಾಯಿರಿ.

180, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ಮಾಸ್ಕ್, ಕನ್ನಡಕ ಮರೆಯಬೇಡಿ. ಕತ್ತಲಲ್ಲಿ ಟಾರ್ಚನ್ನು ಸೀಲಿಂಗಿಗೆ ಒರಗಿಸಿ ಬೆಳಕು ಹಾಯಿಸಿದರೆ ಎಲ್ಲ ಏರುಪೇರೂ ನೆರಳು ಚೆಲ್ಲುತ್ತವೆ. ಅವನ್ನು ಈಗಲೇ ತಿದ್ದಿ.

ಉಳಿದ ಹಳದಿ ಕಲೆಗೆ ಆಯಿಲ್ ಪ್ರೈಮರ್ ಬೇಕು, ವಾಟರ್ ಪ್ರೈಮರ್ ಅದನ್ನು ತಡೆಯುವುದಿಲ್ಲ. ತೇಪೆಯಷ್ಟಕ್ಕೇ ಬಣ್ಣ ಹೊಡೆದರೆ ಹೊಳಪು ಬೇರೆಯಾಗಿ ಎದ್ದು ಕಾಣುತ್ತದೆ. ಗೋಡೆಯಿಂದ ಗೋಡೆಗೆ ಇಡೀ ಸೀಲಿಂಗಿಗೆ ಮ್ಯಾಟ್ ಬಣ್ಣವನ್ನೇ ರೋಲರ್‌ನಿಂದ ಹೊಡೆಯಿರಿ.