ಕಲಾಸಂಘದ ವರ್ಷದ ಉಪನ್ಯಾಸಮಾಲೆ: ಪಂಚಾಂಗದಿಂದ ಪೆನ್‌ಡ್ರೈವ್‌ವರೆಗೆ

ಊರಿನ ಕಲಾಸಂಘದ ಉಪನ್ಯಾಸಕ್ಕೆ ಜನ ಬರುವುದಿಲ್ಲ ಎಂಬ ಗೊಣಗಾಟ ಎಲ್ಲ ಕಡೆ ಇದೆ. ವಿಚಾರಿಸಿ ನೋಡಿದರೆ ಬಹುಪಾಲು ಎರಡೇ ಕಾರಣ: ಒಂದೋ ದಿನಾಂಕ ತಪ್ಪಿರುತ್ತದೆ, ಇಲ್ಲವೇ ಭಾಷಣಕಾರರ ಹೊತ್ತನ್ನು ವೇದಿಕೆಯೇ ತಿಂದಿರುತ್ತದೆ. ಚಿತ್ರದುರ್ಗದಲ್ಲಿ 120 ಸದಸ್ಯರ ಒಂದು ಸಂಘ, 80ರಿಂದ 100 ಜನ ಕೂರುವ ಒಂದು ಸಭಾಂಗಣ ಎಂದಿಟ್ಟುಕೊಂಡು ಇಲ್ಲಿಯ ಲೆಕ್ಕಗಳನ್ನು ಹಾಕಿದೆ. ದಾವಣಗೆರೆಯವರು ಜಾತ್ರೆ, ಉತ್ಸವಗಳ ಸಾಲನ್ನು ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಲಿ. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕಾ ಜಾತ್ರೆಯ ವಾರಗಳಲ್ಲಿ ಅಲ್ಲಿ ಉಪನ್ಯಾಸ ಇಟ್ಟರೆ ಖುರ್ಚಿಗಳೇ ಕೇಳಬೇಕಾದೀತು.

ಮೊದಲು ದಿನಾಂಕ

ತಿಂಗಳಿಗೊಂದರಂತೆ ಹನ್ನೆರಡು ಬೇಡ, ಏಳು ಸಾಕು. ಪಂಚಾಂಗ, ಶಾಲೆಯ ವೇಳಾಪಟ್ಟಿ ಎರಡನ್ನೂ ಎದುರಿಗಿಟ್ಟುಕೊಂಡು ಆಗದ ದಿನಗಳನ್ನು ಮೊದಲು ಹೊಡೆದುಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಪರೀಕ್ಷೆ, ಮೌಲ್ಯಮಾಪನ. ಇಂಥ ಸಭೆಗೆ ತಪ್ಪದೆ ಬರುವವರು ಮೇಷ್ಟ್ರುಗಳೇ ಆದ್ದರಿಂದ ಆ ಎರಡು ತಿಂಗಳು ಬಿಟ್ಟುಬಿಡಿ. ನಾಯಕನಹಟ್ಟಿ ತೇರು ಬರುವುದೂ ಫಾಲ್ಗುಣದಲ್ಲೇ. ಮೇ ಪೂರ್ತಿ ಮದುವೆ, ಬಿಸಿಲು. ಶ್ರಾವಣದ ಸಂಜೆಗಳು ಮಠಗಳ ಪ್ರವಚನಕ್ಕೆ ಮೀಸಲು. ಹಿಂದೂ ಮಹಾಗಣಪತಿಯ ಶೋಭಾಯಾತ್ರೆಯ ದಿನ ದುರ್ಗದ ಮುಖ್ಯ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಸರೆಯ ಹೊತ್ತಿಗೆ ಮುರುಘಾಮಠದ ಶರಣ ಸಂಸ್ಕೃತಿ ಉತ್ಸವ. ನವೆಂಬರ್ ನೋಡಲು ಚೆನ್ನಾಗಿದೆ, ಆದರೆ ಅದೇ ಅತಿ ಕೆಟ್ಟ ತಿಂಗಳು: ಚೆನ್ನಾಗಿ ಮಾತನಾಡಬಲ್ಲವರೆಲ್ಲ ರಾಜ್ಯೋತ್ಸವಕ್ಕೆ ಬುಕ್ ಆಗಿರುತ್ತಾರೆ, ಸಭಾಂಗಣ ಸಿಗದು, ರಂಗಾಸಕ್ತರು ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿರುತ್ತಾರೆ.

ಉಳಿಯುವುದು ಜೂನ್, ಜುಲೈ, ಸೆಪ್ಟೆಂಬರ್, ದಸರೆ–ದೀಪಾವಳಿಗಳ ನಡುವಿನ ಒಂದು ವಾರಾಂತ್ಯ, ಡಿಸೆಂಬರ್, ಜನವರಿ, ಫೆಬ್ರುವರಿ. ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡಿದರೆ ಕೆಡುತ್ತದೆ. ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ, ಅಧಿಕ ಮಾಸ ಬಂದರೆ ಸುಮಾರು 19 ದಿನ ಮುಂದಕ್ಕೆ ಹೋಗುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಶ್ರಾವಣ ಆಗಸ್ಟ್ ನಡುವಿಗೆ ಶುರುವಾಗುತ್ತದೆ, ದೀಪಾವಳಿ ನವೆಂಬರಿಗೆ ಹೋಗುತ್ತದೆ.

ವಾರ ಯಾವುದು? ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ; ಪರಊರಿನ ನೌಕರರು ಶುಕ್ರವಾರ ರಾತ್ರಿಯೇ ಬಸ್ಸು ಹತ್ತುತ್ತಾರೆ. ಮೂರನೇ ಶನಿವಾರ ಕಚೇರಿ, ಬ್ಯಾಂಕು ಎರಡೂ ಇರುತ್ತವೆ, ಜನ ಊರಲ್ಲೇ ಇರುತ್ತಾರೆ. ಸಂಜೆ 6.15 ಸರಿಯಾದ ಹೊತ್ತು. ಹಬ್ಬ ಅಡ್ಡ ಬಂದ ತಿಂಗಳು ಮಾತ್ರ ವಾರ ಬದಲಿಸಿ.

ತ.ರಾ.ಸು. ರಂಗಮಂದಿರವನ್ನು ವರ್ಷದ ಉದ್ಘಾಟನೆಗಷ್ಟೇ ಇಟ್ಟುಕೊಳ್ಳಿ. 80 ಜನ ದೊಡ್ಡ ಸಭಾಂಗಣದಲ್ಲಿ ಚದುರಿ ಕೂತರೆ ಭಾಷಣಕಾರರ ಉತ್ಸಾಹವೇ ಇಳಿಯುತ್ತದೆ. ಉಳಿದ ಆರಕ್ಕೆ ಯಾವುದಾದರೂ ಕಾಲೇಜಿನ ಸೆಮಿನಾರ್ ಹಾಲ್ ಸಾಕು. ಸರ್ಕಾರಿ ಸಭಾಂಗಣವಾದರೆ ಚುನಾವಣಾ ನೀತಿಸಂಹಿತೆ ಬಂದಾಗ, ತುರ್ತು ಸರ್ಕಾರಿ ಸಭೆ ಇದ್ದಾಗ ಬುಕಿಂಗ್ ಬಿದ್ದುಹೋಗಬಹುದು. ಎರಡನೇ ಜಾಗದ ಒಪ್ಪಿಗೆಯನ್ನು ಪತ್ರದಲ್ಲಿ ಪಡೆದಿಡಿ.

ವಿಷಯವನ್ನು ಕಿರಿದು ಮಾಡಿ

‘ಹೊಯ್ಸಳ ಶಿಲ್ಪಕಲೆ’ ಎಂದು ಕೊಟ್ಟರೆ ಭಾಷಣಕಾರರು ಬೇಲೂರಿಂದ ಶುರುಮಾಡಿ ಸೋಮನಾಥಪುರ ಮುಟ್ಟುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ‘ಹರಿಹರದ ದೇವಾಲಯದ ಕಂಬಗಳು: ತಿರುಗಣೆಯಲ್ಲಿ ಕಡೆದದ್ದು ಹೇಗೆ?’ ಎಂದು ಕೇಳಿ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಸಭಿಕರಲ್ಲಿ ಹಲವರು ನೋಡಿರುತ್ತಾರೆ, ಕಂಬವನ್ನು ಮುಟ್ಟಿಯೂ ಇರುತ್ತಾರೆ, ಆದ್ದರಿಂದ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ಏಳರಲ್ಲಿ ನಾಲ್ಕು ಈ ಸೀಮೆಯವು, ಮೂರು ಹೊರಗಿನವು ಎಂಬ ಹಂಚಿಕೆ ಚೆನ್ನಾಗಿ ನಡೆಯುತ್ತದೆ. ಸೀಮೆಯ ವಿಷಯಗಳಿಗೆ ಬರವಿಲ್ಲ. ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಚಂದ್ರವಳ್ಳಿಯ ಪ್ರಾಕೃತ ಶಾಸನ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದ ಬ್ರಹ್ಮಗಿರಿ, ಸಂತೇಬೆನ್ನೂರಿನ ಪುಷ್ಕರಣಿ, ಚಿಂದೋಡಿ ಲೀಲಾ ಅವರ ಕಂಪನಿ ನಾಟಕದ ರಂಗಸಜ್ಜಿಕೆ, ಮೊಳಕಾಲ್ಮುರು ಸೀರೆಯ ಅಂಚು, ಕಾಡುಗೊಲ್ಲರ ಗಣೆ ಎಂಬ ಬಿದಿರಿನ ಕೊಳಲು ಮತ್ತು ಅವರ ವೀರದೈವ ಜುಂಜಪ್ಪನ ಹಾಡು.

ಕೊನೆಯ ಎರಡಕ್ಕೆ ಭಾಷಣದ ಚೌಕಟ್ಟು ಒಗ್ಗುವುದಿಲ್ಲ. ಮಗ್ಗದ ಮೇಲೆ ಕೈ ಓಡುವ ನೇಕಾರರಿಗೆ ಮೈಕಿನ ಮುಂದೆ 50 ನಿಮಿಷ ಮಾತಾಡಿ ಎಂದರೆ ಹತ್ತೇ ನಿಮಿಷಕ್ಕೆ ಮಾತು ನಿಲ್ಲುತ್ತದೆ. ಅವರಿಗೆ ಸಂವಾದ ಇಡಿ: ಎರಡು ಖುರ್ಚಿ, ಬಟ್ಟೆಯ ಕೆಲಸ ಬಲ್ಲ ಒಬ್ಬ ಪ್ರಶ್ನಿಗರು, ಮೇಜಿನ ಮೇಲೆ ಲಾಳಿ, ಹುರಿ ಮಾಡಿದ ರೇಷ್ಮೆ, ಒಂದು ಸೀರೆ. ಸೀರೆಯ ಒಳಮೈ ತೋರಿಸುವುದು ಮುಖ್ಯ. ಅಂಚು ಮತ್ತು ಒಡಲು ಸೇರಿದ ಜಾಗ ಅಲ್ಲೇ ಕಾಣುವುದು. ಮಗ್ಗ ತರುವ ಸಾಹಸ ಬೇಡ, ನೇಯುವಾಗಿನ 3 ನಿಮಿಷದ ವಿಡಿಯೊ ಸಾಕು. ಗಣೆಗೂ ಹಾಡುವವರಿಗೂ ಬೇರೆಬೇರೆ ಸ್ಟ್ಯಾಂಡ್ ಮೈಕ್ ಬೇಕು. ಒಂದೇ ಮೈಕಾದರೆ ಗಣೆಯ ದನಿ ಅಡಗಿಹೋಗುತ್ತದೆ. ಕಲಾವಿದರ ಗೌರವಧನ ಪ್ರಾಧ್ಯಾಪಕರ ಗೌರವಧನಕ್ಕಿಂತ ಒಂದು ರೂಪಾಯಿಯೂ ಕಡಿಮೆ ಇರಬಾರದು.

ಜನವರಿಯ ಉಪನ್ಯಾಸ ಚಂದ್ರವಳ್ಳಿಯದ್ದಾಗಿದ್ದರೆ ಮರುದಿನ ಬೆಳಿಗ್ಗೆ 7ಕ್ಕೆ ಅಲ್ಲಿಗೇ ನಡಿಗೆ ಇಡಿ. ಹಿಂದಿನ ಸಂಜೆ ಚಿತ್ರದಲ್ಲಿ ಕಂಡ ಅಕ್ಷರವನ್ನು ಬಂಡೆಯ ಮೇಲೆ ಹುಡುಕಲಿ. ಓರೆ ಬೆಳಕು ಇರುವಾಗಲೇ ಸವೆದ ಅಕ್ಷರ ಕಾಣುತ್ತದೆ. ಹೊತ್ತು ನೆತ್ತಿಗೆ ಬಂದಮೇಲೆ ಕಲ್ಲು ಚಪ್ಪಟೆ. 25 ಜನಕ್ಕಿಂತ ಹೆಚ್ಚು ಬೇಡ, ಹಿಂದಿನವರಿಗೆ ಮಾತು ಕೇಳಿಸದು.

ಭಾಷಣಕಾರರಿಗೆ ಪತ್ರ

ನಾಲ್ಕು ತಿಂಗಳು ಮೊದಲು ಫೋನು, ಒಪ್ಪಿದ ವಾರದೊಳಗೆ ಪತ್ರ. ಪತ್ರದಲ್ಲಿ ವಿಷಯ, ದಿನಾಂಕ, 50 ನಿಮಿಷ ಎಂಬ ಮಾತು, ಸಭಿಕರು ಯಾರು, ಗೌರವಧನ ಎಷ್ಟು, ಪ್ರಯಾಣ ವೆಚ್ಚ ಹೇಗೆ, ಪರದೆ ಇದೆಯೇ, ರೆಕಾರ್ಡ್ ಮಾಡಲು ಒಪ್ಪಿಗೆ ಇದೆಯೇ ಎಂಬುದೆಲ್ಲ ಇರಲಿ. ಹಣದ ಮಾತನ್ನು ‘ಆಮೇಲೆ ನೋಡೋಣ ಸಾರ್’ ಎಂದು ಬಿಟ್ಟಲ್ಲೇ ಮನಸ್ತಾಪ ಹುಟ್ಟುವುದು.

ಬೆಂಗಳೂರಿನಿಂದ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ., ಬಸ್ಸೇ ಅನುಕೂಲ. ದುರ್ಗ ರೈಲಿನ ಮುಖ್ಯ ಮಾರ್ಗದಲ್ಲಿಲ್ಲ. ಧಾರವಾಡ, ಹುಬ್ಬಳ್ಳಿಯವರು ದಾವಣಗೆರೆವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ರಸ್ತೆ ಹಿಡಿಯಬಹುದು. ಅರವತ್ತು ದಾಟಿದವರನ್ನು ಅದೇ ರಾತ್ರಿ ವಾಪಸು ಕಳಿಸಬೇಡಿ, ರೂಮು ಮಾಡಿ.

ಪ್ರತಿ ವರ್ಷ ಒಬ್ಬರಾದರೂ ಕೊನೇ ಗಳಿಗೆಯಲ್ಲಿ ತಪ್ಪಿಸುತ್ತಾರೆ. ಊರಿನಲ್ಲೇ ಇರುವ, ಎರಡು ದಿನದ ಸೂಚನೆಯಲ್ಲಿ ಮಾತನಾಡಬಲ್ಲ ಇಬ್ಬರನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಅವರಿಗೆ ಅವಕಾಶ ಬರದಿದ್ದರೆ ಮುಂದಿನ ವರ್ಷದ ಮೊದಲ ಉಪನ್ಯಾಸ ಅವರದೇ ಎಂದು ಹೇಳಿಬಿಡಿ.

ಪರದೆ, ಮೈಕು

ಕನ್ನಡ ಸ್ಲೈಡಿನ ದೊಡ್ಡ ತೊಂದರೆ ಅಕ್ಷರದ್ದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ್ದು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೂರು ದಿನ ಮೊದಲೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಪಿಡಿಎಫ್‌ನಲ್ಲಿ ವಿಡಿಯೊ ಓಡುವುದನ್ನು ನಂಬುವಂತಿಲ್ಲ, ಅದನ್ನು ಎಂಪಿ4 ಮಾಡಿ ಬೇರೆಯಾಗಿ ಪೆನ್‌ಡ್ರೈವ್‌ಗೆ ಹಾಕಿ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಿರಬಾರದು. ಕನ್ನಡದ ಒತ್ತಕ್ಷರ ಅದಕ್ಕಿಂತ ಚಿಕ್ಕದಾದರೆ ಹಿಂದಿನ ಸಾಲಿಗೆ ಕಪ್ಪು ಚುಕ್ಕೆ.

8 ಅಡಿ ಅಗಲ, 4.5 ಅಡಿ ಎತ್ತರದ ಪರದೆಗೆ ಸಾಧಾರಣ ಪ್ರೊಜೆಕ್ಟರನ್ನು ಸುಮಾರು 12 ಅಡಿ ದೂರದಲ್ಲಿಡಬೇಕು. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟು, ಅಂದರೆ 27 ಅಡಿಯೊಳಗೆ ಇರಲಿ. ಎಷ್ಟೋ ಹಾಲ್‌ಗಳಲ್ಲಿ ಎಲ್ಲ ಟ್ಯೂಬ್‌ಲೈಟಿಗೂ ಒಂದೇ ಸ್ವಿಚ್ಚು: ಹಾಕಿದರೆ ಚಿತ್ರ ಕಾಣದು, ಆರಿಸಿದರೆ ಭಾಷಣಕಾರರಿಗೆ ತಮ್ಮ ಟಿಪ್ಪಣಿ ಕಾಣದು. ಪರದೆಯ ಮೇಲಿನ ಎರಡು ಟ್ಯೂಬನ್ನು ಮಧ್ಯಾಹ್ನವೇ ಬಿಚ್ಚಿಸಿಡಿ.

ಸೌಂಡ್ ಬಾಕ್ಸು ಮೈಕಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿರಬೇಕು. ಮೈಕಿನ ಹಿಂದಿದ್ದರೆ ಕೀರಲು ಸದ್ದು ಖಂಡಿತ. ಕಾಲರ್ ಮೈಕಿಗೆ ಪ್ರತಿ ಸಲ ಹೊಸ ಬ್ಯಾಟರಿ, ಜೊತೆಗೆ ತಂತಿಯ ಮೈಕೊಂದು ಕೈಯಳತೆಯಲ್ಲಿ. ಕರೆಂಟ್ ಹೋದರೆ ಮೈಕ್ ಓಡಲು ಯುಪಿಎಸ್ ಸಾಕು. ಪ್ರೊಜೆಕ್ಟರಿಗೂ ಬೇಕೆಂದರೆ ಜನರೇಟರ್ ಇರುವ ಕಟ್ಟಡವನ್ನೇ ಆರಿಸಿ. ಎಲ್ಲವನ್ನೂ 4.30ಕ್ಕೆ ಒಮ್ಮೆ ಓಡಿಸಿ ನೋಡಿ.

ವೇದಿಕೆ

ನಮ್ಮ ಸಭೆಗಳ ಮುಖ್ಯ ರೋಗ ಇಲ್ಲಿದೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಮಾತು, ಸನ್ಮಾನ ಎಲ್ಲ ಮುಗಿದು ಉಪನ್ಯಾಸ ಶುರುವಾಗುವಾಗ 7.20. ಆಮೇಲೆ ‘ಸಮಯದ ಅಭಾವದಿಂದ’ ಎಂಬ ಚೀಟಿ ಭಾಷಣಕಾರರ ಮುಂದೆ ಹೋಗುತ್ತದೆ. ಇದೆಲ್ಲ ಉದ್ಘಾಟನೆಯ ಒಂದು ದಿನಕ್ಕಿರಲಿ. ಅಂದೂ ನಾಡಗೀತೆಯನ್ನು 2022ರಲ್ಲಿ ಸರ್ಕಾರ ಗೊತ್ತುಮಾಡಿದ 2 ನಿಮಿಷ 30 ಸೆಕೆಂಡಿನ ರೂಪದಲ್ಲೇ ಹಾಡಿಸಿ.

ಉಳಿದ ಆರು ಸಂಜೆ ಹೀಗೆ: 5.45ಕ್ಕೆ ಚಹಾ, 6.15ಕ್ಕೆ ಸ್ವಾಗತ 2 ನಿಮಿಷ, ಪರಿಚಯ 3 ನಿಮಿಷ, 6.20ರಿಂದ 7.10 ಉಪನ್ಯಾಸ, 20 ನಿಮಿಷ ಪ್ರಶ್ನೆ, 5 ನಿಮಿಷದಲ್ಲಿ ಒಂದು ಪುಸ್ತಕ ಕೊಟ್ಟು ವಂದನೆ. ಪರಿಚಯವನ್ನು ಐದೇ ವಾಕ್ಯದಲ್ಲಿ ಬರೆದು ಓದಿಸಿ. ಪ್ರಶಸ್ತಿಗಳ ಪಟ್ಟಿ ಬೇಡ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಮೂರನೇ ಸಾಲಿನಿಂದ ಎದ್ದವರು ತಮ್ಮದೇ ಉಪನ್ಯಾಸ ಶುರುಮಾಡುತ್ತಾರೆ. ಚಹಾದ ಜೊತೆ ಮಂಡಕ್ಕಿ–ಮಿರ್ಚಿ ಇಟ್ಟರೆ ಜನ ಹೆಚ್ಚುತ್ತಾರೆ ನಿಜ, ಆದರೆ ಕಾಗದದ ಪೊಟ್ಟಣ ಒಳಗೆ ಬಂದರೆ ಮೊದಲ ಹತ್ತು ನಿಮಿಷ ಅದರ ಸರಬರ ಸದ್ದೇ. ಬಿಸ್ಕತ್ತು ಸಾಕು.

ಪ್ರಚಾರಕ್ಕೆ ಮೂರು ವಾಟ್ಸಾಪ್ ಸಂದೇಶ: 15 ದಿನ ಮೊದಲು, 3 ದಿನ ಮೊದಲು, ಆ ದಿನ ಬೆಳಿಗ್ಗೆ. ಸ್ಥಳೀಯ ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ಕ್ಕೆ ಎರಡು ದಿನ ಮುಂಚೆ ನಾಲ್ಕು ಸಾಲು ತಲುಪಿಸಿ.

ದುಡ್ಡು

ಒಂದು ಉಪನ್ಯಾಸಕ್ಕೆ ಗೌರವಧನ 3,000, ಪ್ರಯಾಣ 1,500, ವಸತಿ–ಊಟ 1,500, ಹಾಲ್ ಮತ್ತು ಸೌಂಡ್ 2,000, 80 ಜನರ ಚಹಾ 1,200, ಚಿಲ್ಲರೆ 500 ರೂಪಾಯಿ ಎಂದು ಹಿಡಿದರೆ 9,700, ಏಳಕ್ಕೆ 67,900. ಹತ್ತರಲ್ಲೊಂದು ಪಾಲು ಮೇಲೆ ಸೇರಿಸಿ 75,000 ಎನ್ನಿ. ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. 120 ಸದಸ್ಯರಿಂದ ತಲಾ 500ರಂತೆ 60,000 ಬರುತ್ತದೆ. ಉಳಿದ 15,000ಕ್ಕೆ ಮೂವರು ದಾನಿಗಳಿಂದ ತಲಾ 5,000 ಕೇಳಿ, ಒಬ್ಬರಿಂದಲೇ ಬೇಡ. ಒಬ್ಬರೇ ಕೊಟ್ಟರೆ ಮುಂದಿನ ವರ್ಷ ಭಾಷಣಕಾರರನ್ನೂ ಅವರೇ ಆರಿಸುತ್ತಾರೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಿ, ಆದರೆ ಬಜೆಟ್ಟಿನಲ್ಲಿ ಅದನ್ನು ಸೊನ್ನೆ ಎಂದೇ ಬರೆಯಿರಿ. ಅರ್ಜಿಗೆ ನೋಂದಣಿ ಪತ್ರ, ಲೆಕ್ಕಪರಿಶೋಧನೆಯ ವರದಿ, ನಡೆದ ಕಾರ್ಯಕ್ರಮಗಳ ಫೋಟೊ, ಪತ್ರಿಕಾ ತುಣುಕು ಕೇಳುತ್ತಾರೆ. ಪ್ರತಿ ಉಪನ್ಯಾಸದ ಮರುದಿನವೇ ಬಿಲ್ಲು, ಫೋಟೊ, ಹಾಜರಿ ಹಾಳೆಯನ್ನು ಒಂದೇ ಕಡತಕ್ಕೆ ಸೇರಿಸುತ್ತ ಹೋದರೆ ಅರ್ಜಿಯ ಕೆಲಸ ಅರ್ಧ ದಿನದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ವಾರ್ಷಿಕ ಲೆಕ್ಕ, ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬಾಕಿ ಬಿಟ್ಟ ಸಂಘ ಅರ್ಜಿ ಹಾಕುವ ಹೊತ್ತಿಗೆ ಹಳೆಯ ವರ್ಷಗಳ ದಂಡ ಕಟ್ಟುತ್ತ ಕೂರಬೇಕಾಗುತ್ತದೆ, ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ.