ಮುಟುರಿದ ಮೆಣಸಿನ ಗಿಡದಲ್ಲಿ ವೈರಸ್ ಓದುವ ಬಗೆ

ಹುನಗುಂದದ ಕಡೆ ಮೆಣಸಿನ ಹೊಲದಲ್ಲಿ ಎಲೆ ಮುದುಡಿ ಗಿಡ ಮುಟುರಿದ್ದೆಲ್ಲ ವೈರಸ್ ಅಲ್ಲ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಮೇಲಕ್ಕೆ ಸುರುಳಿಯಾಗಿ, ನರ ದಪ್ಪವಾಗಿ, ಗೆಣ್ಣು ಒತ್ತೊತ್ತಾಗಿ ಗಿಡ ಗಿಡ್ಡ ನಿಂತಿದ್ದರೆ ಬಿಳಿ ನೊಣ ಹರಡುವ ಬೆಗೊಮೊವೈರಸ್ ಮೇಲೆ ಅನುಮಾನ. ಮೂರೂ ಒಂದೇ ಗಿಡದಲ್ಲಿ ಸೇರಿರುವುದೂ ಉಂಟು. ಅದಕ್ಕೇ ಮೊದಲು ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗ ನೋಡಿ, ಥ್ರಿಪ್ಸ್, ನುಸಿ ಕಡಿಮೆ ಇರುವ ಗಿಡ ಆರಿಸುತ್ತೇವೆ.

ಹೊಲಕ್ಕೆ 5 ರೋಗದ ಗಿಡ, 2 ಚೆನ್ನಾಗಿರುವ ಗಿಡ. ತುದಿಯ ಎಳೆ ಎಲೆ ಮಾತ್ರ, ಒಂದೊಂದು ಗಿಡದ್ದು ಬೇರೆ ಬೇರೆ ಕವರ್‌ನಲ್ಲಿ. ಕೆಲವು ವೈರಸ್‌ಗಳ ಅನುವಂಶಿಕ ವಸ್ತು ಡಿಎನ್‌ಎ, ಕೆಲವದರದು ಆರ್‌ಎನ್‌ಎ. ಡಿಎನ್‌ಎಗಾದರೆ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆ ಸಾಕು. ಆರ್‌ಎನ್‌ಎ ಬೇಕಿದ್ದರೆ ಹೊಲದಲ್ಲೇ ಸಣ್ಣಗೆ ಕತ್ತರಿಸಿ ಸಂರಕ್ಷಕ ದ್ರಾವಣಕ್ಕೆ ಹಾಕಬೇಕು. ಬಿಸಿಲಿಗೆ ಥರ್ಮಾಕೋಲ್ ಡಬ್ಬಿಯ ಐಸು ಬಾಗಲಕೋಟೆ ಮುಟ್ಟುವುದರೊಳಗೆ ನೀರಾಗಿರುತ್ತದೆ.

ಬೆಗೊಮೊವೈರಸ್‌ನ ಡಿಎನ್‌ಎ ಉಂಗುರದಂತೆ ದುಂಡಗಿರುವುದು ನಮಗೆ ಅನುಕೂಲ. 100 ಮಿಲಿಗ್ರಾಂ ಎಲೆಯಿಂದ ಸಿಟಿಎಬಿ (ಡಿಎನ್‌ಎ ಬೇರ್ಪಡಿಸಲು ಬಳಸುವ ರಾಸಾಯನಿಕ) ವಿಧಾನದಲ್ಲಿ ಡಿಎನ್‌ಎ ತೆಗೆದು, ಡಿಎನ್‌ಎ ನಕಲು ಮಾಡುವ ಫೈ-29 ಕಿಣ್ವ ಸೇರಿಸಿ 30 ಡಿಗ್ರಿಯಲ್ಲಿ 18–20 ಗಂಟೆ ಇಟ್ಟರೆ ಆ ಉಂಗುರವೇ ಸುತ್ತಿ ಸುತ್ತಿ ನಕಲಾಗುತ್ತದೆ. ಯಾವ ವೈರಸ್ ಎಂದು ಮೊದಲೇ ಗೊತ್ತಿರಬೇಕಿಲ್ಲ, ಪ್ರೈಮರ್ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಡಿಎನ್‌ಎ ತುಣುಕು) ವಿನ್ಯಾಸವೂ ಬೇಡ. ಕೊನೆಗೆ 65 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಕಿಣ್ವ ನಿಲ್ಲಿಸಬೇಕು. ರಾತ್ರಿ ಕರೆಂಟ್ ಹೋದರೆ ಕೆಲಸ ಹಾಳು, ಯಂತ್ರಕ್ಕೆ ಯುಪಿಎಸ್ ಇರಲಿ.

ಬಂದ ಉದ್ದ ಸರಪಳಿಯನ್ನು ಬ್ಯಾಮ್ ಎಚ್-1, ಹಿಂಡ್-3, ಇಕೋ ಆರ್-1 ಹೀಗೆ ಬೇರೆ ಬೇರೆ ಕಿಣ್ವದಿಂದ ಕತ್ತರಿಸಿ ಜೆಲ್‌ನಲ್ಲಿ ಓಡಿಸುತ್ತೇವೆ; ತುಣುಕುಗಳು ಉದ್ದಕ್ಕೆ ತಕ್ಕಂತೆ ಪಟ್ಟಿ ಪಟ್ಟಿಯಾಗಿ ಬೇರ್ಪಡುತ್ತವೆ. ಸುಮಾರು 2,700 ಬೇಸ್‌ನ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಒಂದೇ ಪಟ್ಟಿ ಬಂದರೆ ಆ ಕಿಣ್ವ ಉಂಗುರವನ್ನು ಒಂದೇ ಕಡೆ ಕತ್ತರಿಸಿದೆ. 1,350ರ ಹತ್ತಿರ ಇನ್ನೊಂದು ಪಟ್ಟಿ ಕಂಡರೆ ಬೀಟಾಸ್ಯಾಟಲೈಟ್ (ವೈರಸ್‌ನ ಜೊತೆಗೆ ಸಾಗುವ ಸಣ್ಣ ಡಿಎನ್‌ಎ ಉಂಗುರ) ಇರಬಹುದು. ಮುಟುರು ಜೋರಾಗಲು ಬಹಳ ಸಲ ಇದೇ ಕಾರಣ. ಪಟ್ಟಿಗಳನ್ನು ಕೂಡಿದರೆ ಲೆಕ್ಕ ಮೀರುತ್ತದೆ ಎಂದಾದರೆ ಒಂದಕ್ಕಿಂತ ಹೆಚ್ಚು ವೈರಸ್ ಸೇರಿಕೊಂಡಿರಬಹುದು.

ಮುಂದಿನದು ಡಿಎನ್‌ಎಯ ಬೇಸ್‌ಗಳ ಸಾಲನ್ನು, ಅಂದರೆ ಅನುಕ್ರಮವನ್ನು, ಯಂತ್ರದಲ್ಲಿ ಓದಿಸುವುದು. ಎಡವುವುದು ಇಲ್ಲೇ. ಇಲ್ಯುಮಿನಾ ಯಂತ್ರ ಕೊಡುವುದು ಸಾಮಾನ್ಯವಾಗಿ 150 ಬೇಸ್‌ನ ತುಣುಕು. ಹತ್ತಿರದ ಎರಡು ವೈರಸ್ ಒಂದೇ ಟ್ಯೂಬಿನಲ್ಲಿದ್ದರೆ ಜೋಡಿಸುವ ತಂತ್ರಾಂಶ ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿಬಿಡಬಹುದು. ಡಿಎನ್‌ಎ-ಎ (ಬೆಗೊಮೊವೈರಸ್‌ನ ಮುಖ್ಯ ಉಂಗುರ) ಪೂರ್ತಿ ಹೋಲಿಸಿದಾಗ ಗೊತ್ತಿರುವ ಎಲ್ಲದರೊಂದಿಗೂ ಶೇ. 91ಕ್ಕಿಂತ ಕಡಿಮೆ ಹೋಲಿಕೆ ಇದ್ದರೆ ಹೊಸ ಪ್ರಭೇದ ಎಂಬುದು ನಿಯಮ. ಈ ಅಂಟುಗೂಸು ಸಲೀಸಾಗಿ ಆ ಗೆರೆಯ ಕೆಳಗೆ ಬೀಳುತ್ತದೆ. ಐದು ಗಿಡದ ಎಲೆ ಸೇರಿಸಿ ಅರೆದರಂತೂ ಇದರ ಸಾಧ್ಯತೆ ಇನ್ನೂ ಹೆಚ್ಚು. ಗೋಜಲೆಂದರೆ, ಬೆಗೊಮೊವೈರಸ್‌ಗಳು ನಿಜವಾಗಿಯೂ ತುಂಡು ಬದಲಿಸಿಕೊಳ್ಳುತ್ತವೆ. ಹಾಗಾಗಿ ಅನುಮಾನದ ಕೂಡುಗೆರೆಯ ಎರಡೂ ಬದಿಗೆ ಪ್ರೈಮರ್ ಇಟ್ಟು, ಮೂಲ ಡಿಎನ್‌ಎಯಿಂದಲೇ ಪಿಸಿಆರ್ ಮಾಡಿ (ಆ ಭಾಗವನ್ನಷ್ಟೇ ನಕಲು ಮಾಡಿ), ಒಂದೊಂದೇ ತುಣುಕು ಓದುವ ಸ್ಯಾಂಗರ್ ವಿಧಾನದಲ್ಲಿ ಓದಿಸಬೇಕು. ಸೂಕ್ಷ್ಮ ರಂಧ್ರಗಳ ಮೂಲಕ ಡಿಎನ್‌ಎ ಹಾಯಿಸಿ ಓದುವ ನ್ಯಾನೋಪೋರ್ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು: ಒಂದೇ ಓದಿನಲ್ಲಿ ಪೂರ್ತಿ ಉಂಗುರ ಬರುತ್ತದೆ. ಆದರೆ ಫೈ-29 ನಕಲು ಮರದಂತೆ ಕವಲೊಡೆದಿರುತ್ತದೆ. ಟಿ-7 ಎಂಡೋನ್ಯೂಕ್ಲಿಯೇಸ್ ಎಂಬ ಕಿಣ್ವದಿಂದ ಕವಲು ಕತ್ತರಿಸದಿದ್ದರೆ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ.

ಆರ್‌ಎನ್‌ಎ ವೈರಸ್‌ಗೆ ಈ ದಾರಿ ನಡೆಯದು. ಎಲೆಯ ಆರ್‌ಎನ್‌ಎಯಲ್ಲಿ ಹೆಚ್ಚಿನದು ಗಿಡದ ರೈಬೋಸೋಮಿನದೇ, ಅದನ್ನು ಮೊದಲು ತೆಗೆಸಬೇಕು. ಅಗ್ಗವೆಂದು ಪಾಲಿ-ಎ ಬಾಲ (ಕೆಲವು ಆರ್‌ಎನ್‌ಎಗಳ ತುದಿಯ ‘ಎ’ ಬೇಸ್‌ಗಳ ಸಾಲು) ಹಿಡಿಯುವ ಕಿಟ್ ಬಳಸಿದರೆ ಆ ಬಾಲವಿರುವ ಪೋಟಿವೈರಸ್ ಸಿಗುತ್ತದೆ, ಬಾಲವಿಲ್ಲದ ಸೌತೆ ಮೊಸಾಯಿಕ್ ವೈರಸ್, ಟಾಸ್ಪೋವೈರಸ್ ಜಾರಿಹೋಗುತ್ತವೆ.

ಚೆನ್ನಾಗಿರುವ ಆ 2 ಗಿಡಗಳ ಬೆಲೆ ಗೊತ್ತಾಗುವುದು ಫಲಿತಾಂಶ ಬಂದ ಮೇಲೆ. ಬೀಜದಲ್ಲೇ ಬರುವ ಬೆಲ್ ಪೆಪ್ಪರ್ ಎಂಡೋರ್ನಾವೈರಸ್‌ನಂಥದು ರೋಗವಿಲ್ಲದ ಗಿಡದಲ್ಲೂ ಇರುತ್ತದೆ. ಹೋಲಿಸಲು ಆರೋಗ್ಯದ ಗಿಡ ಇಲ್ಲದಿದ್ದರೆ ತಪ್ಪು ಅದರ ತಲೆಗೇ ಕಟ್ಟುತ್ತೇವೆ. ಬೇರೆಡೆಯಿಂದ ಬೆರೆತದ್ದು ತಿಳಿಯಲು ಬರೀ ನೀರಿನ ಟ್ಯೂಬನ್ನೂ ಜೊತೆಗೆ ಓದಿಸಿ. ಅದರಲ್ಲಿ ಕಂಡ ವೈರಸ್ ಮಾದರಿಯಲ್ಲೂ ಬೆರಳೆಣಿಕೆಯಷ್ಟೇ ತುಣುಕು ಇದ್ದರೆ ಪಟ್ಟಿಯಿಂದ ಹೊಡೆದುಹಾಕಿ.

ಅನುಕ್ರಮ ಸಿಕ್ಕಿತೆಂದರೆ ವೈರಸ್ ಅಲ್ಲಿದೆ ಎಂದಷ್ಟೇ. ಮುಟುರಿಗೆ ಅದೇ ಕಾರಣ ಎನ್ನಲು ರೋಗದ ಗಿಡದ ಮೇಲೆ ಬಿಳಿ ನೊಣಗಳನ್ನು 24 ಗಂಟೆ ಬಿಟ್ಟು, ಸಸಿಗೆ 10ರಂತೆ ಬಲೆಮನೆಯ ಸಸಿಗಳಿಗೆ ಇನ್ನೊಂದು 24 ಗಂಟೆ ಬಿಡುತ್ತೇವೆ. ಮೂರು–ನಾಲ್ಕು ವಾರ ಕಾದು, ಮುಟುರಿದ ಸಸಿಯ ಎಲೆಯನ್ನು ಮತ್ತೆ ಓದಿಸುತ್ತೇವೆ.