ಹ್ಯಾಂಡಲ್ ಒಂದನ್ನೇ ಬದಲಿಸೋಣ ಅಂತ ಕೂತೆ

ನನ್ನ ಬೈಕಿಗೆ ಬೇಕಾಗಿದ್ದು ಇಷ್ಟೇ: ಸ್ವಲ್ಪ ಎತ್ತರದ, ಅಗಲದ ಹ್ಯಾಂಡಲ್. ಒಂದು ತಾಸು ಓಡಿಸಿದರೆ ಬೆನ್ನು, ಮಣಿಕಟ್ಟು ಎರಡೂ ಹಿಡಿದುಕೊಳ್ಳುತ್ತಿದ್ದವು. ನಾಲ್ಕು ಬೋಲ್ಟ್ ಬಿಚ್ಚಿ ಮತ್ತೆ ಹಾಕಿದರೆ ಮುಗೀತು ಅಂದುಕೊಂಡಿದ್ದೆ. ಎರಡು ಭಾನುವಾರ ಹೋದವು.

ಕೊಳ್ಳುವ ಮೊದಲು, ಹ್ಯಾಂಡಲನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಕೂರುವ ಜಾಗದ ದಪ್ಪ ಅಳೆದಿದ್ದೆ, ಅದೊಂದು ಪುಣ್ಯ. ಸಾಮಾನ್ಯವಾಗಿ 22, 25.4 ಇಲ್ಲವೇ 28.6 ಮಿ.ಮೀ. ಇರುತ್ತದೆ, ನನ್ನ ಗಾಡಿಯದು 22. ಆದರೆ ಅಳೆದದ್ದು ಹ್ಯಾಂಡಲನ್ನು ಮಾತ್ರ, ಅದಕ್ಕೆ ಜೋತುಬಿದ್ದ ಕೇಬಲ್‌ಗಳನ್ನಲ್ಲ.

ಟ್ಯಾಂಕ್ ಮೇಲೆ ಹಳೇ ಕಂಬಳಿ ಹೊದಿಸಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಶುರುಮಾಡಿದೆ. ಗ್ರಿಪ್ ಅಂಚಿಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಸೋಪು ನೀರು ಬಿಟ್ಟೆ, ತಿರುಚಿದ್ದೇ ಜಾರಿ ಬಂತು. ಮುಂದಿನ ಬ್ರೇಕ್ ಆಯಿಲ್ ಡಬ್ಬಿಯನ್ನು ದಾರದಲ್ಲಿ ನೆಟ್ಟಗೆ ಕಟ್ಟಿದೆ. ಅದು ವಾಲಿದರೆ ಲೈನಿಗೆ ಗಾಳಿ ಹೊಕ್ಕು ಲಿವರ್ ಮೆತ್ತಗಾಗುತ್ತದೆ. ಸೋರಿದರೆ ಪೇಂಟ್ ತಿಂದುಹಾಕುತ್ತದೆ.

ಸ್ವಿಚ್ ಬಾಕ್ಸ್ ಒಳಗೊಂದು ಪುಟ್ಟ ಮೊಳೆಯಂಥದ್ದಿರುತ್ತದೆ, ಅದು ಹಳೇ ಹ್ಯಾಂಡಲ್‌ನ ತೂತಿನಲ್ಲಿ ಕೂರುತ್ತಿತ್ತು. ಹೊಸದರಲ್ಲಿ ತೂತೇ ಇಲ್ಲ. ಮೊಳೆಯನ್ನೇ ಉಜ್ಜಿಬಿಡುವವರಿದ್ದಾರೆ; ನನಗದು ಸರಿಕಾಣಲಿಲ್ಲ, ರೇಸ್ ಕೊಡುವಾಗ ಬಾಕ್ಸೇ ತಿರುಗಿದರೆ? ಸೀಟಿನ ಮೇಲೆ ಕೂತು ಕೈಗೆ ಒಗ್ಗುವ ಕೋನ ಹುಡುಕಿ, ಮೊಳೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ ಒತ್ತಿದೆ. ಕೆಂಪು ಚುಕ್ಕೆ ಮೂಡಿತು. ಅಲ್ಲಿ ಪಂಚ್‌ನಿಂದ ಸಣ್ಣ ಗುಳಿ ಹೊಡೆದು ಡ್ರಿಲ್ ಹಾಕಿದೆ. ಪಂಚ್ ಇಲ್ಲದಿದ್ದರೆ ದುಂಡನೆಯ ಪೈಪಿನ ಮೇಲೆ ಡ್ರಿಲ್ ಜಾರುವುದು ಗ್ಯಾರಂಟಿ.

ಎಲ್ಲ ಬಿಗಿದು ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿಯೇ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದೆ. ನಾನು ಮುಟ್ಟದೆಯೇ ಇಂಜಿನ್ ರೇಸಾಯಿತು! ಥ್ರಾಟಲ್ ಕೇಬಲ್ ಎಳೆದುಕೊಳ್ಳುತ್ತಿತ್ತು. ರಸ್ತೆಯ ತಿರುವಿನಲ್ಲಿ ಹೀಗಾಗಿದ್ದರೆ ಅಂತ ನೆನೆದು ಬೆವೆತೆ. ಕೇಬಲನ್ನು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪಕ್ಕದಿಂದ ಬೇರೆ ದಾರಿಯಲ್ಲಿ ತಂದ ಮೇಲೆ ಸರಿಹೋಯಿತು. ಕ್ಲಚ್ ಕೇಬಲ್ ಮಾತ್ರ ಹೇಗೆ ಸುತ್ತಿಸಿದರೂ ಸಾಲಲಿಲ್ಲ, ಉದ್ದದ್ದು ಬರುವ ತನಕ ಒಂದು ವಾರ ಗಾಡಿ ಹಾಗೇ ನಿಂತಿತು. ಬ್ರೇಕ್ ಹೋಸ್ ಸಾಲುತ್ತದೋ ಅಂತ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕ್ ಪೂರ್ತಿ ಇಳಿಬಿಟ್ಟು, ಎರಡೂ ಕಡೆ ತಿರುಗಿಸಿ ನೋಡಿದೆ. ಸಾಲಿತು.

ಆ ವಾರ ಸುಮ್ಮನಿರಲಾರದೆ ಎಲ್‌ಇಡಿ ಇಂಡಿಕೇಟರ್‌ಗಳನ್ನೂ ಹಾಕಿದೆ. ಪಟಪಟ ಮಿಟುಕತೊಡಗಿದವು. ಕರೆಂಟ್ ಕಮ್ಮಿ ಎಳೆಯುವುದರಿಂದ ಅವನ್ನು ಮಿಟುಕಿಸುವ ಹಳೇ ಫ್ಲಾಷರ್‌ಗೆ ಬಲ್ಬ್ ಸುಟ್ಟಿದೆ ಅನಿಸುತ್ತದಂತೆ. ಕರೆಂಟ್ ಹೆಚ್ಚು ಎಳೆಯಲೆಂದು ರೆಸಿಸ್ಟರ್ ಹಾಕಬಹುದು, ಆದರೆ ಅದು ಬಿಸಿಯಾಗುತ್ತದೆ. ಎಲ್‌ಇಡಿಗೆ ಹೊಂದುವ ಫ್ಲಾಷರನ್ನೇ ತಂದು ಸಿಕ್ಕಿಸಿದೆ.

ಈಗ ಬೆನ್ನುನೋವಿಲ್ಲ. ಗಾಡಿ ಒಳಗೆ ತರುವಾಗ ಮಾತ್ರ ಹ್ಯಾಂಡಲ್ ಗೇಟಿಗೆ ತಾಗುತ್ತದೆ, ಓರೆ ಮಾಡಿ ತೂರಿಸಬೇಕು.